ಮರ ಹತ್ತಿದ ತನಿಯ ಮಾಯವಾದದ್ದು ಯಾಕೆ?

ತುಳುನಾಡಿನ ಭೂತಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಕೆಲಸ ಮುಗಿಸುತ್ತಾರೆ. ಒಂದು, 'ಇದು ಪ್ರಕೃತಿ ಆರಾಧನೆ'. ಇನ್ನೊಂದು ನಮ್ಮ ಕಡೆಯ ಗೆಳೆಯರದ್ದು, 'ಇದೆಲ್ಲ ಮೂಢನಂಬಿಕೆ, ಗುತ್ತಿನವರು ಒಕ್ಕಲನ್ನು ಹೆದರಿಸಲಿಕ್ಕೆ ಕಟ್ಟಿದ ಕತೆ'. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಎಲ್ಲಿ ತಿರುಗಿದರೂ ಒಂದು ಮರ, ಮರದ ಬುಡದಲ್ಲೊಂದು ಕಲ್ಲು, ಕಲ್ಲಿಗೊಂದು ದೈವದ ಹೆಸರು ಕಣ್ಣಿಗೆ ಬೀಳುತ್ತದೆ. ಆ ಮರದಲ್ಲಿ ಇರುವವರು ಯಾರು, ಅಲ್ಲಿಗೆ ಹೇಗೆ ಬಂದರು ಅಂತ ಮಾತ್ರ ಈ ಎರಡೂ ಕಡೆಯವರು ಕೇಳುವುದಿಲ್ಲ.

ಮೊದಲು ಮರಗಳ ಜಾತಿ ನೋಡುವ. ಅಶ್ವತ್ಥದ ಮೇಲೆ ಇರುವವನು ಬ್ರಹ್ಮರಾಕ್ಷಸ. ಬದುಕಿದ್ದಾಗ ಬ್ರಾಹ್ಮಣ, ಆಸೆ ತೀರದೆ ಸತ್ತವನು. ಸತ್ತ ಮೇಲೂ ಅವನಿಗೆ ಸಿಗುವುದು ಜನ ಪ್ರದಕ್ಷಿಣೆ ಬರುವ ಮರ, ಕಲ್ಲಿನ ಕಟ್ಟೆ. ಗುಳಿಗನಿಗೆ ಅಷ್ಟೆಲ್ಲ ಇಲ್ಲ. ಎಷ್ಟೋ ಕಡೆ ಅವನ ಜಾಗ ಕಾಸರಕನ ಮರದ ಬುಡ, ಬೀಜವೇ ವಿಷವಾದ ಮರ. ಮೇಲೆ ಮಾಡಿಲ್ಲ, ಸುತ್ತ ಗೋಡೆಯಿಲ್ಲ, ಮಳೆಗೂ ಬಿಸಿಲಿಗೂ ಒಡ್ಡಿದ ಒಂದು ಕಲ್ಲು. ಅವನ ಪಾಡ್ದನ ಹೇಳುವುದೆಲ್ಲ ಹಸಿವಿನ ಸುದ್ದಿ. ಬೂದಿಯಲ್ಲಿ ಸಿಕ್ಕ ಕಲ್ಲಿನಿಂದ ಹುಟ್ಟಿದವನು, ಕೆರೆಯ ನೀರು ಕುಡಿದರೂ ಮೀನೆಲ್ಲ ತಿಂದರೂ ಹೊಟ್ಟೆ ತುಂಬದವನು. ಕಡೆಗೆ ವಿಷ್ಣು ತನ್ನ ಕಿರುಬೆರಳನ್ನೇ ಕೊಡಬೇಕಾಯಿತು. ಆಮೇಲೆ ಭೂಮಿಗೆ ಅಟ್ಟಿದರು. ಅಟ್ಟಿದವರು ದೇವರಾದರು, ಹಸಿದವನು ಭೂತವಾದ. ಇದರಲ್ಲಿ ಪ್ರಕೃತಿ ಎಲ್ಲಿ ಉಂಟು ಮಾರಾಯ್ರೆ?

ಆದರೆ ನನ್ನನ್ನು ಹೆಚ್ಚು ಕಾಡುವುದು ಕೊರಗ ತನಿಯ, ಈಗ ಎಲ್ಲರ ಬಾಯಲ್ಲಿ ಕೊರಗಜ್ಜ. ಪಾಠಾಂತರಗಳು ಹಲವು, ತಿರುಳು ಒಂದೇ. ಅಪ್ಪ ಅಮ್ಮ ಇಲ್ಲದ ಕೊರಗರ ಹುಡುಗ, ಮೈಮೇಲೆ ಬಟ್ಟೆಯಿಲ್ಲದೆ ಅಲೆಯುತ್ತಿದ್ದ. ಕಳ್ಳು ಮಾರುವ ಬಿಲ್ಲವರ ಹೆಂಗಸು ಮೈರಕ್ಕೆ ಬೈದೆತಿ ಅವನಿಗೆ ಬಟ್ಟೆ ಕೊಟ್ಟು ಮನೆಗೆ ಕರೆತಂದು ಸಾಕಿದಳು. ಅವಳ ಮನೆಯಿಂದ ದೈವಸ್ಥಾನಕ್ಕೆ ಹೋಗಬೇಕಾಗಿದ್ದ ಏಳಾಳಿನ ಹೊರೆಯನ್ನು ತನಿಯ ಒಬ್ಬನೇ ಹೊತ್ತ. ಬಾಗಿಲಲ್ಲಿ ಅವನನ್ನು ತಡೆದರು. ತಾನು ಹೊತ್ತು ತಂದದ್ದು ಒಳಗೆ ಆಗುತ್ತದೆ, ತಾನು ಯಾಕೆ ಆಗುವುದಿಲ್ಲ ಎಂದು ಅವನು ಕೇಳಿದ. ಉತ್ತರ ಕೊಟ್ಟವರಿಲ್ಲ. ಆಗ ಅಲ್ಲಿದ್ದ ಮಾದಳದ ಹಣ್ಣು ಕಣ್ಣಿಗೆ ಬಿತ್ತು. ಕೊಯ್ಯಲಿಕ್ಕೆಂದು ಹತ್ತಿದ, ಕೈ ಚಾಚಿದ, ಮಾಯವಾದ.

ಜೋಗ ಬಿಟ್ಟು ಮಾಯ ಸೇರುವುದು ಅಂತ ಪಾಡ್ದನದ ಭಾಷೆ. ಠಾಣೆಯ ಕಾಗದದಲ್ಲಿ 'ಮರದಿಂದ ಬಿದ್ದು' ಅಥವಾ 'ಕಾಣೆಯಾಗಿದ್ದಾನೆ' ಅಂತ ಬರೆದು ಮುಚ್ಚುತ್ತಾರಲ್ಲ, ನನಗೆ ಆ ಮಾತು ಹಾಗೆ ಕೇಳಿಸುತ್ತದೆ. ಹೊರೆ ಹೊತ್ತ, ಪ್ರಶ್ನೆ ಕೇಳಿದ, ಹಣ್ಣಿಗೆ ಕೈಹಾಕಿದ. ಈ ಮೂರೂ ಒಂದೇ ದಿನ, ಒಂದೇ ಬಾಗಿಲಲ್ಲಿ ನಡೆದಿವೆ. ಇದು ನನ್ನ ಓದು, ಪುರಾವೆ ಕೇಳಿದರೆ ಕೈಯಲ್ಲಿ ಕಾಗದವಿಲ್ಲ. ಕೊರಗರಿಗೆ ಕಾಗದ ಬರೆದಿಟ್ಟವರು ಯಾರು? ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ 1430ರ ಇಸವಿ ಉಂಟು, ಶಾಸನಗಳುಂಟು. ಕಂಬಕ್ಕೆ ಹೆಗಲು ಕೊಟ್ಟವರ ಪಟ್ಟಿ ಇಲ್ಲ.

ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹೋಗಿ ಹೋಲಿಸಿ ನೋಡಿ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಎಡಗೈ ಬಲಗಾಲನ್ನು ಅಲ್ಲಿಯ ಅರಸ ಕಡಿಸಿದ, ಉಳಿದ ಕೈಯಲ್ಲೇ ಅವನು ವೇಣೂರಿನ ಗೊಮ್ಮಟನನ್ನು ಕೆತ್ತಿದ ಅಂತ ಪಾಡ್ದನ. ಕಾರ್ಕಳದ್ದು 1432, ವೇಣೂರಿನದ್ದು 1604. ನಡುವೆ 172 ವರ್ಷ ಅಂತ ಚರಿತ್ರೆಯ ಮೇಷ್ಟ್ರು ನಗುತ್ತಾರೆ. ನಗಲಿ. ಹಾಡಿದವರಿಗೆ ಎರಡು ಅರಸುಮನೆಗಳ ಕೆಳಗೂ ಕೈ ಸವೆಸಿದ ಕಸುಬುದಾರ ಒಬ್ಬನೇ. ಅವನ ತಂಗಿ ಕಲ್ಲುರ್ಟಿ ಸುಮ್ಮನೆ ಕೂತವಳಲ್ಲ, ಕಾರ್ಕಳಕ್ಕೆ ಬೆಂಕಿಯಿಟ್ಟವಳು. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಇವತ್ತಿಗೂ ಜನ ಅವಳಿಗೆ ಅಗೆಲು ಬಡಿಸುತ್ತಾರೆ. ಕಲ್ಕುಡನ ಕತೆಯಲ್ಲಿ ಕಡಿಸಿದವನು ಯಾರೆಂದು ಬಾಯಿಬಿಟ್ಟು ಹೇಳಿದೆ. ತನಿಯನ ಕತೆಯಲ್ಲಿ ಅದಿಲ್ಲ. ಶಿಲ್ಪಿಗೆ ಅರಸನ ಅಂಗಳದವರೆಗಾದರೂ ಹೋಗುವ ಹಕ್ಕಿತ್ತು, ಹಾಗಾಗಿ ಅರಸನ ಮುಖ ನೋಡಿ ದೂರು ಹೇಳಿದ. ಕೊರಗ ಬಾಗಿಲಲ್ಲೇ ನಿಂತವನು, ಒಳಗಿನವರ ಹೆಸರು ಅವನಿಗೆ ಹೇಗೆ ಗೊತ್ತಾಗಬೇಕು?

ಪಾಡ್ದನಗಳನ್ನು ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಬರ್ನೆಲ್ ಕೂಡಿಸಿದ್ದು ಅವನು ಸತ್ತ ಮೇಲೆ, 1894ರಿಂದ, ಇಂಗ್ಲಿಷ್ ಪತ್ರಿಕೆಯೊಂದರಲ್ಲಿ 'ತುಳುವರ ಪಿಶಾಚಿ ಪೂಜೆ' ಎನ್ನುವ ಅರ್ಥದ ತಲೆಬರಹದಲ್ಲಿ ಬಂತು. ಅವನು ಪಿಶಾಚಿ ಎಂದ, ಆಮೇಲಿನ ನಮ್ಮ ಭಾವುಕರು ಪ್ರಕೃತಿ ಎಂದರು. ಮನುಷ್ಯ ಎನ್ನಲಿಕ್ಕೆ ಇಬ್ಬರಿಗೂ ಬಾಯಿ ಬರಲಿಲ್ಲ. ಎಲ್ಲರೂ ಹೀಗೆ ಅಂತಲ್ಲ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರಂಥವರ ದುಡಿಮೆ ಇಲ್ಲದಿದ್ದರೆ ನಾವು ಇಷ್ಟು ಮಾತಾಡುವುದೂ ಕಷ್ಟವಿತ್ತು.

ನಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವುಂಟು. ಕೋಲದ ದಿನ ನಲಿಕೆಯವರೋ ಪಂಬದರೋ ಪರವರೋ ಗಗ್ಗರ ಕಟ್ಟಿ ನಿಂತರೆ ಗುತ್ತಿನ ಯಜಮಾನ ಕೈಮುಗಿಯುತ್ತಾನೆ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದ ಆಚೆ ನಿಲ್ಲಬೇಕಾಗಿತ್ತು. 'ಕಾಂತಾರ' ಸಿನೆಮಾ 2022ರಲ್ಲಿ ಗೆದ್ದಾಗ ಸರ್ಕಾರ ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಘೋಷಿಸಿತು. ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಆ ಸಿನೆಮಾದ ಕೊನೆಯಲ್ಲಿ ದೈವ ಅರಣ್ಯ ಅಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಕೂಡಿಸುತ್ತದೆ, ಜಮೀನಿನ ಪ್ರಶ್ನೆ ಕಣ್ಣೀರಿನಲ್ಲಿ ಕರಗುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಸಿಕ್ಕಿಬಿದ್ದ ಬೆಳ್ತಂಗಡಿಯ ಮಲೆಕುಡಿಯರ ಹತ್ತಿರ ಈ ಕೂಡಿಸಿದ ಕೈಯ ಬಗ್ಗೆ ಕೇಳಿ ನೋಡಿ.

ಹಾಗಂತ ಎಲ್ಲವನ್ನೂ ಮೂಢನಂಬಿಕೆ ಎಂದು ಗುಡಿಸಿದರೆ ಗುಡಿಸಿಹೋಗುವುದು ನಮ್ಮದೇ ದಫ್ತರ. ಕೊರಗರು ಸೊಪ್ಪು ಉಟ್ಟವರು, ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆದವರು. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯ ಕಾಯ್ದೆ ಬರಬೇಕಾಯಿತು. ಅದೇ ಊರುಗಳಲ್ಲಿ ಈಗ ಕೊರಗಜ್ಜನ ಕಟ್ಟೆಗಳು ಏಳುತ್ತಿವೆ. ಬಳೆ ಕಳೆದರೆ, ದನ ತಪ್ಪಿಸಿಕೊಂಡರೆ ಚಕ್ಕುಲಿ, ವೀಳ್ಯ, ಕಳ್ಳಿನ ಹರಕೆ. ಕಾಣೆಯಾದವನ ಹತ್ತಿರವೇ ಕಾಣೆಯಾದದ್ದನ್ನು ಕೇಳುತ್ತೇವೆ, ಅವನು ಹೇಗೆ ಕಾಣೆಯಾದ ಅಂತ ಕೇಳುವುದಿಲ್ಲ. ಅಜ್ಜನಿಗೆ ಟೈಲ್ಸ್ ಹಾಕಿದ ಕಟ್ಟೆ ಆಯಿತು, ಅಜ್ಜನ ಮೊಮ್ಮಕ್ಕಳ ಜಾಗಕ್ಕೆ ಹಕ್ಕುಪತ್ರ ಆಯಿತೋ ಅಂತಲೂ ಆ ಕಟ್ಟೆಯ ಸಮಿತಿಯವರನ್ನು ಯಾರಾದರೂ ಕೇಳಬೇಕು.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮಕ್ಕಳಿಂದ 'ನಮ್ಮೂರಿನ ಮರಗಳು' ಅಂತ ಪಟ್ಟಿ ಮಾಡಿಸುತ್ತೀರಲ್ಲ, ಅದಕ್ಕೆ ಇನ್ನೊಂದು ಕಾಲಂ ಸೇರಿಸಿ: ಈ ಮರದಲ್ಲಿ ಇರುವುದು ಯಾರು, ಯಾವ ಕೇರಿಯವರು, ಸತ್ತದ್ದು ಹೇಗೆ. ನೇಜಿ ನೆಡುತ್ತ ಹಾಡಿದ ಅಜ್ಜಿಯರಿಗೆ ಗೊತ್ತಿರುತ್ತದೆ. ಎಷ್ಟೋ ಗದ್ದೆಗಳು ಅಡಿಕೆ ತೋಟ, ರಬ್ಬರ್ ತೋಟ ಆದವು, ನೇಜಿ ಹಾಡು ನಿಂತಿತು. ಅಜ್ಜಿಯರು ಇನ್ನೆಷ್ಟು ದಿನ ಇರುತ್ತಾರೆ? ಅವರ ತುಳುವಿನಲ್ಲೇ, ತಿದ್ದಲಿಕ್ಕೆ ಹೋಗದೆ, ಕನ್ನಡ ಲಿಪಿಯಲ್ಲಿ ಬರೆದು ಕಳಿಸಿ.