ಸಾವಿರ ಡಾಲರಿನ ಆಟ ಮತ್ತು ಮನೆಯಿಲ್ಲದವರ ಗುರುತು

ಮನೆಯಿಲ್ಲದವರ ಬಾಳನ್ನು ಕಲೆಗೆ ವಸ್ತುವಾಗಿಸುವುದು ಹೊಸದೇನಲ್ಲ. ಕತೆ, ನಾಟಕ, ಚಲಚ್ಚಿತ್ರಗಳು ಬಹುಕಾಲದಿಂದ ಈ ಕೆಲಸ ಮಾಡುತ್ತ ಬಂದಿವೆ. ಆದರೆ ನೋಡುವವನೇ ಗುಂಡಿಯೊತ್ತಿ ಕತೆಯ ಗತಿಯನ್ನು ನಿರ್ಣಯಿಸುವಂಥ ಜಾಲತಾಣಗಳು ಬಂದ ಮೇಲೆ ಒಂದು ಹೊಸ ಪ್ರಶ್ನೆ ಎದ್ದಿದೆ. ಇನ್ನೊಬ್ಬರ ಕಷ್ಟವನ್ನು ನಮ್ಮ ಕೈಗೆ ಕೊಟ್ಟರೆ ಅವರು ನಮಗೆ ಅರ್ಥವಾಗುತ್ತಾರೆಯೇ? ಅಥವಾ ಅವರ ಜಾಗದಲ್ಲಿಯೂ ನಾವೇ ಕುಳಿತುಬಿಡುತ್ತೇವೆಯೇ? ಈ ದೃಷ್ಟಿಯಿಂದ ಅಮೆರಿಕದ ಎರಡು ಕೃತಿಗಳನ್ನು ಪರಿಶೀಲಿಸಬಯಸುತ್ತೇವೆ.

ಮೊದಲನೆಯದು 2011ರಲ್ಲಿ ಹೊರಬಂದ ‘ಸ್ಪೆಂಟ್’. ಉತ್ತರ ಕೆರೊಲೈನಾ ರಾಜ್ಯದ ಡರಮ್ ನಗರದಲ್ಲಿ ವಸತಿಹೀನರಿಗೆ ಆಶ್ರಯ, ಊಟ, ಬಟ್ಟೆ ಒದಗಿಸುವ ‘ಅರ್ಬನ್ ಮಿನಿಸ್ಟ್ರೀಸ್ ಆಫ್ ಡರಮ್’ ಸಂಸ್ಥೆಗಾಗಿ ‘ಮೆಕಿನಿ’ ಎಂಬ ಜಾಹೀರಾತು ಕಂಪನಿ ರಚಿಸಿದ ಜಾಲತಾಣವಿದು. ತೆರೆದೊಡನೆ ನೋಡುಗನನ್ನು ಅದು ಕೆಣಕುತ್ತದೆ: ಇಂಥ ಸಂಸ್ಥೆಯ ನೆರವು ನಿಮಗೆ ಎಂದೂ ಬೇಕಾಗದು, ಅಲ್ಲವೇ? ಹಾಗಾದರೆ ತೋರಿಸಿ ನೋಡೋಣ! ಕೆಲಸ ಹೋಗಿದೆ, ಮನೆ ಹೋಗಿದೆ, ಜೊತೆಗೊಂದು ಮಗುವಿದೆ. ಉಳಿದಿರುವುದು 1000 ಡಾಲರು. ತಿಂಗಳು ದೂಡಬೇಕು.

ರಚನೆಯಲ್ಲಿ ಜಾಣತನವಿದೆ ಎಂಬುದನ್ನು ಒಪ್ಪಲೇಬೇಕು. ಹೋಟೆಲಿನ ಮಾಣಿಯ ಕೆಲಸವೋ, ಗೋದಾಮಿನ ಕೆಲಸವೋ, ಕಚೇರಿಯ ತಾತ್ಕಾಲಿಕ ಕೆಲಸವೋ, ಆರಿಸಿಕೊಳ್ಳಬೇಕು. ಕಚೇರಿಯ ಕೆಲಸ ಬೇಕೆಂದರೆ ಬೆರಳಚ್ಚಿನ ಪರೀಕ್ಷೆಯನ್ನೂ ಕೊಡಬೇಕು. ಮನೆ ಹುಡುಕುವಾಗ ಊರಿನಿಂದ ದೂರ ಸರಿದಷ್ಟೂ ಬಾಡಿಗೆ ಇಳಿಯುತ್ತದೆ, ಓಡಾಟದ ಖರ್ಚು ಏರುತ್ತದೆ. ಡೊಂಬಿವಿಲಿಯಿಂದಲೋ ವಿರಾರದಿಂದಲೋ ದಿನವೂ ಲೋಕಲ್ ಹಿಡಿಯುವ ನಮ್ಮವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ದಿನಕ್ಕೊಂದು ಸಂಕಟ: ಮಗುವಿನ ಶಾಲೆಯ ಖರ್ಚು, ಕಾಯಿಲೆ, ಕೆಟ್ಟುಹೋದ ಕಾರು. ಪ್ರತಿಯೊಂದು ಆಯ್ಕೆಯ ಹಿಂದೆಯೂ ಆ ದೇಶದ ಬಡತನದ ಬಗೆಗೆ ಒಂದು ಸಂಗತಿಯನ್ನು ತಿಳಿಸಲಾಗುತ್ತದೆ. ಆಟ ಮುಗಿದ ಮೇಲೆ ದೇಣಿಗೆಯ ಕೋರಿಕೆ. ಅಂಕಿಸಂಖ್ಯೆಗಳಿಂದ ತುಂಬಿದ ವರದಿಯನ್ನು ಓದದವನೂ ಇದನ್ನು ಕೊನೆಯವರೆಗೆ ಆಡಿಯಾನು.

ಆದರೆ ಇದರ ಲೋಪ ಈ ಜಾಣತನದಲ್ಲೇ ಅಡಗಿದೆ. ಯೇಲ್ ವಿಶ್ವವಿದ್ಯಾಲಯದ ಜೀನಾ ರೂಸೋಸ್ ಮತ್ತು ಜಾನ್ ಡೊವಿಡಿಯೊ ಈ ಆಟದ ಪರಿಣಾಮವನ್ನು ಪರೀಕ್ಷಿಸಿ 2016ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಆಡಿದವರಲ್ಲಿ ಬಡವರ ಬಗೆಗಿನ ಭಾವನೆ ಸುಧಾರಿಸಲಿಲ್ಲ. ಕೆಲವರಲ್ಲಿ ಕೆಟ್ಟಿತು ಕೂಡ. ಪ್ರತಿ ಹೆಜ್ಜೆಯಲ್ಲೂ ತಾನೇ ಆರಿಸುವುದರಿಂದ ಬಡತನವೆಂಬುದು ಆಯಾ ಮನುಷ್ಯನ ಹತೋಟಿಯಲ್ಲಿರುವ ವಿಷಯವೆಂಬ ಅನಿಸಿಕೆ ಬಲಿಯುತ್ತದೆ. ‘ನಾನು ತಿಂಗಳು ದೂಡಿದೆ, ಅವನೇಕೆ ದೂಡಲಾರ?’ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಆಯ್ಕೆಯೇ ಇಲ್ಲದ ಸ್ಥಿತಿಯನ್ನು ಆಯ್ಕೆಗಳ ಸರಮಾಲೆಯಾಗಿ ತೋರಿಸಿದರೆ ಮತ್ತೇನಾದೀತು?

ನಮ್ಮ ಆಕ್ಷೇಪಣೆ ಇನ್ನೂ ಒಂದಿದೆ. ಆಟದ ಉದ್ದಕ್ಕೂ ಕಾಣುವುದು ‘ನೀವು’ ಮಾತ್ರ. ಡರಮ್ ನಗರದ ಆಶ್ರಯದಲ್ಲಿ ಮಲಗುವ ಮನುಷ್ಯನಿಗೆ ಇಲ್ಲಿ ಹೆಸರಿಲ್ಲ, ಮುಖವಿಲ್ಲ, ಊರಿಲ್ಲ. ಮೊದಲೇ ಮನೆ ಕಳೆದುಕೊಂಡವನನ್ನು ಅವನ ಕತೆಯಿಂದಲೂ ಹೊರಹಾಕಿದಂತಾಯಿತು.

ಎರಡನೆಯ ಕೃತಿ ಜಾಲತಾಣವಲ್ಲ, ಬೀದಿಯ ಗಾಡಿ. ಆದರೂ ಅದರ ಪಾಠ ಜಾಲತಾಣಕ್ಕೂ ಸಲ್ಲುತ್ತದೆ. ಪೋಲೆಂಡಿನಲ್ಲಿ ಹುಟ್ಟಿ, ಕೈಗಾರಿಕಾ ವಿನ್ಯಾಸ ಕಲಿತು, 1977ರಲ್ಲಿ ಕೆನಡಕ್ಕೆ ವಲಸೆ ಹೋಗಿ, ಅನಂತರ ನ್ಯೂಯಾರ್ಕಿಗೆ ಬಂದ ಕ್ರಿಷ್ಟೋಫ್ ವೊಡಿಚ್ಕೊ 1988–89ರಲ್ಲಿ ‘ಹೋಮ್‌ಲೆಸ್ ವೆಹಿಕಲ್’ ರಚಿಸಿದರು. ಖಾಲಿ ಡಬ್ಬಿ, ಬಾಟಲಿಗಳನ್ನು ಹೆಕ್ಕಿ, ಒಂದೊಂದಕ್ಕೆ 5 ಸೆಂಟಿನಂತೆ ಪಡೆದು ಬದುಕುತ್ತಿದ್ದ ಬೀದಿಯ ಜನರೊಡನೆ ಕುಳಿತು, ಅವರ ಅಗತ್ಯಗಳನ್ನು ಕೇಳಿ ತಿಳಿದು ರೂಪಿಸಿದ ಗಾಡಿಯಿದು. ಹಗಲು ಸರಕು ತುಂಬಲು ಜಾಗ. ರಾತ್ರಿ ಅದನ್ನೇ ಉದ್ದಕ್ಕೆ ಎಳೆದರೆ ಮಲಗಲು ಗೂಡು. ತಯಾರಾದದ್ದು ಕೆಲವೇ ಮಾದರಿಗಳು. ಇದು ವಸತಿ ಸಮಸ್ಯೆಗೆ ಪರಿಹಾರವೆಂದು ಕಲಾವಿದರೂ ಹೇಳಿಕೊಳ್ಳಲಿಲ್ಲ. ಕಂಡೂ ಕಾಣದಂತೆ ದಾಟಿಹೋಗುವ ದಾರಿಹೋಕ ನಿಂತು ‘ಇದೇನು?’ ಎಂದು ಕೇಳಬೇಕು, ಗಾಡಿಯವನು ವಿವರಿಸಬೇಕು: ಅದು ಉದ್ದೇಶ. ಅಷ್ಟು ಹೊತ್ತು ತಿಳಿದವನು ಅವನು, ಕೇಳುವವರು ನಾವು. ‘ಸ್ಪೆಂಟ್’ ತಲೆಕೆಳಗು ಮಾಡಿದ್ದು ಈ ಸಂಬಂಧವನ್ನೇ.

ಈ ಚರ್ಚೆ ಮುಂಬಯಿಗೆ ದೂರದ್ದಲ್ಲ. ಫುಟ್‌ಪಾತಿನ ನಿವಾಸಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪು ನೀಡುತ್ತ, ಜೀವನೋಪಾಯದ ಹಕ್ಕು ಬದುಕುವ ಹಕ್ಕಿನಲ್ಲೇ ಅಡಕವೆಂದು ಸಾರಿತು. ಆದರೂ ನೋಟೀಸು ಕೊಟ್ಟು ಎಬ್ಬಿಸಬಹುದೆಂದಿತು. ಬದಲಿ ಜಾಗ 1976ರ ಗಣತಿಯಲ್ಲಿ ಗುರುತಿನ ಚೀಟಿ ಪಡೆದವರಿಗೆ. ಚೀಟಿಯಿದ್ದವನು ನಿವಾಸಿ, ಇಲ್ಲದವನು ಬರಿಯ ಅಡಚಣೆ! ಅದೇ ವರ್ಷ ‘ಸ್ಪಾರ್ಕ್’ ಸಂಸ್ಥೆ ಸುಮಾರು 6000 ಫುಟ್‌ಪಾತ್ ಕುಟುಂಬಗಳನ್ನು ಎಣಿಸಿ ತಂದ ವರದಿಯ ಹೆಸರು ‘ವಿ, ದಿ ಇನ್ವಿಸಿಬಲ್’. ‘ಅವರು’ ಎಂದಲ್ಲ, ‘ನಾವು’ ಎಂದು ಅದರ ಶೀರ್ಷಿಕೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಮೇಜಿನ ಮೇಲೆ ಮಲಗಿ ಮೇಲೆ ಬಂದ ಹಿರಿಯರು ನಮ್ಮ ಸಮಾಜದಲ್ಲಿ ಕಡಿಮೆಯಿಲ್ಲ. ವಿಳಾಸವಿಲ್ಲದವನಿಗೆ ರೇಷನ್ ಕಾರ್ಡಿಲ್ಲ, ಕಾರ್ಡಿಲ್ಲದವನ ಮಾತಿಗೆ ಬೆಲೆಯಿಲ್ಲ ಎಂಬುದನ್ನು ಅವರು ಬಲ್ಲರು.

ಆದ್ದರಿಂದ ನಮ್ಮ ತರುಣರಲ್ಲಿ ಯಾರಾದರೂ ಈ ವಸ್ತುವಿನ ಮೇಲೆ ಇಂಥ ಜಾಲತಾಣ ರಚಿಸಹೊರಟರೆ, ನೋಡುಗನಿಗೆ ಏನು ಮಾಡಲು ಕೊಡಬೇಕೆಂಬುದು ಎರಡನೆಯ ಪ್ರಶ್ನೆಯಾಗಲಿ. ಯಾರ ಮಾತು, ಯಾವ ಭಾಷೆಯಲ್ಲಿ, ಯಾರ ಒಪ್ಪಿಗೆಯಿಂದ ಎಂಬುದು ಮೊದಲನೆಯದಾಗಲಿ. ಹೆಸರು, ಮುಖಗಳನ್ನು ತೋರಿಸುವುದರಲ್ಲಿ ಅಪಾಯವೂ ಇದೆ. ಮಲಗುವ ಜಾಗ ನಕ್ಷೆಯಲ್ಲಿ ಗುರುತಾದರೆ ಕರುಣೆಯುಳ್ಳವರಿಗಿಂತ ಮೊದಲು ಮುನಿಸಿಪಾಲಿಟಿಯ ಲಾರಿ ಬಂದೀತು. ಎಷ್ಟು ಹೇಳಬೇಕು, ಯಾವಾಗ ಅಳಿಸಬೇಕು ಎಂಬ ನಿರ್ಧಾರ ಹೇಳುವವರದೇ ಆಗಿರಬೇಕು. ಆಯ್ಕೆಯ ಗುಂಡಿ ಯಾರ ಕೈಯಲ್ಲಾದರೂ ಇರಬೇಕಾದರೆ, ಅದು ಇರಬೇಕಾದದ್ದು ಅಲ್ಲಿ.