ಗಿರಣಿಯಲ್ಲಿ ಗೆದ್ದ ಕ್ಯಾಮೆರಾ ಅಂಗಡಿಯಲ್ಲಿ ಎಡವಿದ್ದೇಕೆ?

ದೊಡ್ಡ ಅಕ್ಕಿ ಗಿರಣಿಗಳಲ್ಲಿ ಸಾರ್ಟೆಕ್ಸ್ ಯಂತ್ರ ಈಗ ಹೊಸದೇನಲ್ಲ. ಇಳಿಜಾರಿನಲ್ಲಿ ಅಕ್ಕಿ ಧಾರೆಯಾಗಿ ಸುರಿಯುತ್ತದೆ. ಕಪ್ಪು ಕಾಳೋ ಕಲ್ಲೋ ಕ್ಯಾಮೆರಾಕ್ಕೆ ಕಂಡರೆ ಸಾಕು, ಗಾಳಿಯ ಹೊಡೆತ ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲೂ ಬೀಜ ವಿಂಗಡಿಸುವ ಬಗೆ ಇದೇ. ವ್ಯಾಪಾರಕ್ಕೆ ಬಂದ ಕಂಪ್ಯೂಟರ್ ದೃಷ್ಟಿ ಗಟ್ಟಿಯಾಗಿ ನೆಲೆಯೂರಿದ್ದು ಇಂಥ ಕಡೆ. ಇಲ್ಲಿ ಬೆಳಕು ಯಂತ್ರದ್ದೇ, ಕ್ಯಾಮೆರಾದ ಕೋನ ಬದಲಾಗದು, ತೀರ್ಮಾನಿಸಬೇಕಾದ್ದು ಬೇಕೋ ಬೇಡವೋ ಎಂಬುದಷ್ಟೆ. ತಪ್ಪಿ ಒಳ್ಳೆಯ ಕಾಳು ಆಚೆ ಹೋದರೂ ಅದನ್ನು ಮತ್ತೆ ಯಂತ್ರಕ್ಕೆ ಸುರಿಯಬಹುದು.

ಅಂಗಡಿಯಲ್ಲಿ ಈ ಅನುಕೂಲಗಳು ಒಂದೂ ಉಳಿಯುವುದಿಲ್ಲ.

ಅಮೆಜಾನ್ 2018ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ 'ಅಮೆಜಾನ್ ಗೋ' ಮಳಿಗೆಯನ್ನು ಸಾರ್ವಜನಿಕರಿಗೆ ತೆರೆಯಿತು. ಚಾವಣಿಯ ಕ್ಯಾಮೆರಾಗಳೂ ಕಪಾಟಿನ ಸೆನ್ಸರ್‌ಗಳೂ ಲೆಕ್ಕ ಇಡುತ್ತಿದ್ದವು. ಗ್ರಾಹಕ ಕ್ಯೂ ನಿಲ್ಲದೆ ಹೊರನಡೆಯಬಹುದಿತ್ತು. ಸಣ್ಣ ಮಳಿಗೆಗೆ ಹೊಂದಿದ ಈ ಏರ್ಪಾಡನ್ನು ಕಂಪನಿ ದೊಡ್ಡ 'ಫ್ರೆಶ್' ದಿನಸಿ ಮಳಿಗೆಗಳಿಗೂ ಒಯ್ದಿತು. ಆದರೆ ಜನ ಕಾಳಿನಂತೆ ಸಾಲಾಗಿ ಬರುವುದಿಲ್ಲ. ಒಬ್ಬರ ಕೈ ಇನ್ನೊಬ್ಬರಿಗೆ ಅಡ್ಡ ಬರುತ್ತದೆ, ಎತ್ತಿದ ಪೊಟ್ಟಣ ಬೇರೆ ಕಪಾಟು ಸೇರುತ್ತದೆ. 2022ರಲ್ಲಿ ಸಾವಿರ ಖರೀದಿಗಳಲ್ಲಿ ಸುಮಾರು 700ನ್ನು ಮನುಷ್ಯರೇ ಪರಿಶೀಲಿಸುತ್ತಿದ್ದರು, ಆ ಕೆಲಸದಲ್ಲಿ ಭಾರತದ ಸುಮಾರು ಸಾವಿರ ಮಂದಿ ಇದ್ದರು ಎಂದು 'ದಿ ಇನ್ಫರ್ಮೇಶನ್' ವರದಿ ಮಾಡಿತು. ಅಮೆಜಾನ್ ಈ ಅಂಕಿಯನ್ನು ಅಲ್ಲಗಳೆಯಿತು. ಸ್ವಲ್ಪ ಪ್ರಮಾಣದ ಖರೀದಿಗಳನ್ನು ಸಿಬ್ಬಂದಿ ದೃಢಪಡಿಸುತ್ತಾರೆ ಎಂಬುದನ್ನು ಮಾತ್ರ ಒಪ್ಪಿತು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ರೆಶ್ ಮಳಿಗೆಗಳಿಂದ ಈ ಏರ್ಪಾಡನ್ನು ತೆಗೆದು, ಗ್ರಾಹಕರೇ ಸಾಮಾನು ಸ್ಕ್ಯಾನ್ ಮಾಡುವ ತಳ್ಳುಗಾಡಿಗೆ ಒತ್ತು ಕೊಡಲಾಯಿತು.

ಬಿಲ್ ತಪ್ಪಿದರೆ ಹಣ ಹಿಂದಿರುಗಿಸಬಹುದು. ಮುಖ ಗುರುತಿಸುವಲ್ಲಿ ತಪ್ಪಿದರೆ ಹೋದ ಮರ್ಯಾದೆಯನ್ನು ತಂದುಕೊಡುವವರು ಯಾರು? ಅಮೆರಿಕದ ಔಷಧಿ ಅಂಗಡಿ ಸರಪಳಿ ರೈಟ್ ಏಡ್ 2012ರಿಂದ 2020ರವರೆಗೆ ಕಳ್ಳರನ್ನು ಹಿಡಿಯಲು ಈ ತಂತ್ರಜ್ಞಾನ ಬಳಸಿತು. ನಿರಪರಾಧಿಗಳ ಬೆನ್ನಿಗೆ ಸಿಬ್ಬಂದಿ ಬಿದ್ದರು, ಕಪ್ಪು ಮತ್ತು ಏಷ್ಯನ್ ಸಮುದಾಯಗಳು ಹೆಚ್ಚಿದ್ದ ಪ್ರದೇಶಗಳಲ್ಲಿ ತಪ್ಪು ಗುರುತುಗಳೂ ಹೆಚ್ಚಿದ್ದವು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2023ರ ಡಿಸೆಂಬರ್‌ನಲ್ಲಿ ಪ್ರಕಟವಾದ ಇತ್ಯರ್ಥದಲ್ಲಿ ಕಂಪನಿ ಈ ತಂತ್ರಜ್ಞಾನ ಬಳಸುವುದರ ಮೇಲೆ ಐದು ವರ್ಷಗಳ ನಿಷೇಧ ಬಿತ್ತು.

ಕ್ಯಾಮೆರಾ ಕೊಳ್ಳುವ ವ್ಯಾಪಾರಿ ಮಾರುವವರ ಪ್ರದರ್ಶನ ನೋಡಿ ಮರುಳಾಗಬಾರದು. ತನ್ನದೇ ಸರಕು, ತನ್ನದೇ ಅಂಗಡಿಯ ಬೆಳಕು, ಹಬ್ಬದ ದಿನದ ನೂಕುನುಗ್ಗಲಿನಲ್ಲಿ ಪರೀಕ್ಷೆ ನಡೆಸಲು ಹೇಳಬೇಕು. ತೆರೆಮರೆಯಲ್ಲಿ ಪರಿಶೀಲಿಸುವವರ ಸಂಬಳವನ್ನೂ ಖರ್ಚಿಗೆ ಸೇರಿಸಬೇಕು. ಯಂತ್ರ ತಪ್ಪಿದಾಗ ಗ್ರಾಹಕ ದೂರು ಕೊಡಬೇಕಾದ್ದು ಯಾರಿಗೆ ಎಂಬುದು ಒಪ್ಪಂದದಲ್ಲೇ ಬರವಣಿಗೆಯಲ್ಲಿರಬೇಕು.