ವೆಲೆನ್ ಕಾಡಿನ ಮಿಠಾಯಿ ದಾರಿ

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರಲ್ಲಿ ಹೊರತಂದ ‘ದಿ ವಿಚರ್ 3’ ವಿಡಿಯೊ ಆಟದಲ್ಲಿ ವೆಲೆನ್ ಎಂಬ ಸೀಮೆಯಿದೆ. ಯುದ್ಧದಿಂದ ಹಾಳಾದ ನೆಲ, ಮರಗಳಲ್ಲಿ ನೇತಾಡುವ ಹೆಣಗಳು. ಅಲ್ಲಿನ ಕ್ರುಕ್‌ಬ್ಯಾಕ್ ಬಾಗ್ ಎಂಬ ಜೌಗುಗಾಡಿಗೆ ಕಾಲಿಟ್ಟರೆ ಮೊದಲು ಎದೆ ನಡುಗಿಸುವುದು ಮಿಠಾಯಿ.

ಕಾಲುದಾರಿಯುದ್ದಕ್ಕೂ ಸಿಹಿತಿನಿಸು ತೂಗುಹಾಕಿದ್ದಾರೆ. ಹೊಟ್ಟೆಗಿಲ್ಲದ ಊರವರು ಸಾಕಲಾಗದ ಮಕ್ಕಳನ್ನು ಆ ದಾರಿ ಹಿಡಿಸುತ್ತಾರೆ. ಕೊನೆಯಲ್ಲಿ ಕಾದಿರುವವರು ಕಾಡಿನ ಮೂವರು ಒಡತಿಯರು. ನೇಯ್ದ ಚಿತ್ರಪಟದಲ್ಲಿ ಚೆಲುವೆಯರು, ಎದುರಿಗೆ ಬಂದರೆ ವಿಕಾರ ಮುದುಕಿಯರು. ಊರಿಗೆ ಬೇಕಾದ ಕೆಲಸ ಮುಗಿದರೆ ಊರಿನ ಹಿರಿಯ ಅವರಿಗೆ ತನ್ನ ಕಿವಿಯನ್ನೇ ಕೊಯ್ದುಕೊಡಬೇಕು.

ಕಥೆಗಾರರ ನಿಜವಾದ ಕಸುಬು ಕಾಣುವುದು ಗುಡ್ಡದ ಮರದ ಬೇರಿನಡಿ ಸೆರೆಯಾದ ಆತ್ಮದ ಪ್ರಸಂಗದಲ್ಲಿ. ಆಟಗಾರ ಅದನ್ನು ಬಿಡಿಸಿದರೆ ಜೌಗುಗಾಡಿನ ಅನಾಥ ಮಕ್ಕಳು ಬದುಕುತ್ತಾರೆ, ಆ ಹಿರಿಯನ ಡೌನ್‌ವಾರೆನ್ ಊರು ನಾಶವಾಗುತ್ತದೆ. ಕೊಂದರೆ ಊರು ಉಳಿಯುತ್ತದೆ, ಮಕ್ಕಳು ಇಲ್ಲವಾಗುತ್ತಾರೆ. ಈ ಆಯ್ಕೆಯ ಪೂರ್ತಿ ಪರಿಣಾಮವನ್ನು ಆಟ ಮುಂಚೆ ಹೇಳುವುದಿಲ್ಲ, ಆಮೇಲೂ ಸರಿ ತಪ್ಪಿನ ತೀರ್ಪು ಕೊಡುವುದಿಲ್ಲ. ಬೇರೆ ಹಲವು ಆಟಗಳ ಕಾಡಿನಲ್ಲಿ ರಾಕ್ಷಸ ಸತ್ತರೆ ಭಯ ಮುಗಿಯುತ್ತದೆ. ಇಲ್ಲಿ ಹಸಿವು, ಯುದ್ಧ, ನಂಬಿಕೆಗಳು ಸೇರಿ ರಾಕ್ಷಸರನ್ನು ಸಾಕುತ್ತಿವೆ. ವೆಲೆನ್ ಅಷ್ಟು ನಿಜವೆನಿಸುವುದು ಅದರಿಂದಲೇ.